ನಿರ್ಬಂಧಿತ ರಾಸಾಯನಿಕಗಳು ಮತ್ತು ಶಾಲಾ ಪ್ರಯೋಗಗಳು: ತರಿಸುವುದು ಹೇಗೆ, ಬದಲಿ ಹುಡುಕುವುದು ಹೇಗೆ?

ಆ ದಿನ ಕಪಾಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮುಗಿದಿತ್ತು. ಪಾಠ ರಾಸಾಯನಿಕ ಕ್ರಿಯೆಯ ವೇಗದ್ದು. ಅಮೃತಶಿಲೆಯ ಚೂರುಗಳಿಗೆ ಆಮ್ಲ ಹಾಕಿ, ಹೊರಬರುವ ಅನಿಲವನ್ನು ಅರ್ಧ ನಿಮಿಷಕ್ಕೊಮ್ಮೆ ಅಳೆಯಬೇಕಿತ್ತು. ಪಕ್ಕದಲ್ಲೇ ಸಾರರಿಕ್ತ (ನೀರು ಬೆರೆಸಿ ತಿಳಿ ಮಾಡಿದ) ಸಲ್ಫ್ಯೂರಿಕ್ ಆಮ್ಲದ ಬಾಟಲಿ ಇತ್ತು. ಆಮ್ಲ ಆಮ್ಲವೇ ತಾನೆ ಎಂದುಕೊಂಡು ಅದನ್ನೇ ಹಂಚಿದೆ. ಮೊದಲು ಗುಳ್ಳೆ ಜೋರಾಗಿ ಎದ್ದಿತು, ಸ್ವಲ್ಪ ಹೊತ್ತಿಗೆ ಮಂಕಾಯಿತು, ಆಮೇಲೆ ನಿಂತೇಹೋಯಿತು. ಆಮ್ಲ ಖರ್ಚಾಗಿದೆ ಎಂದು ಮಕ್ಕಳು ಬರೆದುಕೊಂಡರು, ನಾನೂ ತಲೆಯಾಡಿಸಿದೆ. ಒಬ್ಬ ಹುಡುಗಿ ಮಾತ್ರ ಪ್ರನಾಳಕ್ಕೆ ನೀಲಿ ಲಿಟ್ಮಸ್ ಇಳಿಸಿ ನೋಡಿದಳು. ಅದು ಕೆಂಪಗಾಯಿತು. ಆಮ್ಲ ಅಲ್ಲೇ ಇತ್ತು, ಕಲ್ಲೂ ಅಲ್ಲೇ ಇತ್ತು, ಕ್ರಿಯೆ ಮಾತ್ರ ನಿಂತಿತ್ತು. ಚೂರನ್ನು ಹೊರತೆಗೆದು ಉಗುರಿನಿಂದ ಕೆರೆದರೆ ಬಿಳಿ ಪದರ ಎದ್ದು ಬಂತು. ಅದು ನೀರಿನಲ್ಲಿ ಅಷ್ಟಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟ್. ಕಲ್ಲಿನ ಸುತ್ತ ಗೋಡೆ ಕಟ್ಟಿ ಆಮ್ಲವನ್ನು ಒಳಗೆ ಬಿಡದೆ ತಡೆದಿತ್ತು.

ಅಂದಿನಿಂದ ಬದಲಿ ಹುಡುಕುವಾಗಲೆಲ್ಲ ನನ್ನನ್ನು ನಾನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನು ಬದಲಿಸುತ್ತಿರುವುದು ಬಾಟಲಿಯನ್ನೋ, ಪಾಠವನ್ನೋ? ಬಾಟಲಿ ಬದಲಾದರೂ ಪಾಠ ಉಳಿಯಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಹೆಜ್ಜೆ 1: ಮಗು ಏನು ನೋಡಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಪಟ್ಟಿ ಹಿಡಿದುಕೊಂಡು ರಾಸಾಯನಿಕ ಹುಡುಕಲು ಹೊರಡಬೇಡಿ. ಒಂದು ಹಾಳೆಯಲ್ಲಿ ಪಾಠದ ತಿರುಳನ್ನು ಬರೆಯಿರಿ. ‘ಅಮೋನಿಯಂ ಡೈಕ್ರೋಮೇಟ್ ಸುಡುವುದು’ ಎಂದು ಬರೆದರೆ ಅದು ಪಾಠವಲ್ಲ, ಒಂದು ದೃಶ್ಯ. ‘ಒಂದೇ ವಸ್ತು ಕಾದಾಗ ಒಡೆದು ಬೇರೆ ಬಣ್ಣದ ಹೊಸ ವಸ್ತು ಮತ್ತು ಅನಿಲ ಆಗುತ್ತದೆ’ ಎಂದು ಬರೆದರೆ ಅದು ಪಾಠ. ಹೀಗೆ ಬರೆದ ಕೂಡಲೇ ಆ ಕಿತ್ತಳೆ ಪುಡಿ ಅನಿವಾರ್ಯವಲ್ಲ ಎಂಬುದು ತಾನಾಗಿಯೇ ಕಾಣಿಸುತ್ತದೆ. ತಾಮ್ರದ ಕಾರ್ಬೊನೇಟ್ ಇದೇ ಮಾತನ್ನು ಹೇಳುತ್ತದೆ. ಹಸಿರು ಪುಡಿ ಕಾದರೆ ಕಪ್ಪು ತಾಮ್ರದ ಆಕ್ಸೈಡ್ ಆಗುತ್ತದೆ, ಹೊರಬಂದ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಡೈಕ್ರೋಮೇಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಕಿಡಿಯೊಂದಿಗೆ ಹಾರುವ ಹಸಿರು ಬೂದಿಯ ಜೊತೆ ಸುಡದೆ ಉಳಿದ ಪುಡಿಯೂ ಗಾಳಿಗೆ ಏರುತ್ತದೆ. ಮಕ್ಕಳು ಅದನ್ನು ಉಸಿರಾಡುವ ದೂರದಲ್ಲೇ ನಿಂತಿರುತ್ತಾರೆ.

ಆ ವಾಕ್ಯದ ಕೆಳಗೆ ಇನ್ನೆರಡು ಸಾಲು ಸೇರಿಸಿ. ಮಕ್ಕಳು ಅಳೆಯಬೇಕಾದ ಅಂಕಿ ಏನಾದರೂ ಇದೆಯೇ? ಪರೀಕ್ಷೆಯಲ್ಲಿ ಇದೇ ರಾಸಾಯನಿಕದ ಹೆಸರು ಬರುತ್ತದೆಯೇ? ಅಂಕಿ ಬೇಕಿದ್ದರೆ ಬದಲಿಯ ಆಯ್ಕೆ ಬಹಳ ಕಿರಿದಾಗುತ್ತದೆ. ಹೆಸರು ಮಾತ್ರ ಬೇಕಿದ್ದರೆ ಚಿತ್ರ, ವಿಡಿಯೊ ಸಾಕಾಗುತ್ತದೆ.

ಹೆಜ್ಜೆ 2: ನಿರ್ಬಂಧ ಯಾವ ಬಗೆಯದು ಎಂದು ತಿಳಿಯಿರಿ

‘ನಿರ್ಬಂಧಿತ’ ಎಂಬ ಒಂದೇ ಪದದಡಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಇವನ್ನು ಬೆರೆಸಿಕೊಂಡರೆ ತರಬಹುದಾದದ್ದನ್ನು ಬಿಡುತ್ತೇವೆ, ತರಬಾರದ್ದನ್ನು ತರುತ್ತೇವೆ.

ಕೆಲವು ವಸ್ತುಗಳಿಗೆ ಶಾಲೆಯಲ್ಲಿ ಜಾಗವೇ ಇಲ್ಲ. ಬೆಂಜೀನ್, ಕಾರ್ಬನ್ ಟೆಟ್ರಾಕ್ಲೋರೈಡ್, ಪಾದರಸ ಮತ್ತು ಅದರ ಲವಣಗಳು ಈ ಗುಂಪಿಗೆ ಸೇರುತ್ತವೆ. ಪಾದರಸದ ಬಳಕೆಯನ್ನು ತಗ್ಗಿಸಲೆಂದೇ ಮಿನಮಾಟ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಎರಡನೆಯ ಗುಂಪು ದುರುಪಯೋಗದ ಭಯದಿಂದ ನಿಗಾ ಇಟ್ಟಿರುವಂಥವು. ಮಾದಕ ದ್ರವ್ಯಗಳ ಅಕ್ರಮ ಸಾಗಣೆಯ ವಿರುದ್ಧ 1988ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಕ್ಲೋರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲ, ಅಸಿಟೋನ್, ಟೊಲ್ಯುವಿನ್ ಎಲ್ಲವೂ ಇವೆ. ನಮ್ಮ ಕಪಾಟಿನ ದಿನನಿತ್ಯದ ಬಾಟಲಿಗಳಿಗೂ ಹಲವು ಕಡೆ ರಿಜಿಸ್ಟರ್ ಕೇಳುವುದರ ಹಿಂದೆ ಇಂಥ ಪಟ್ಟಿಗಳಿರುತ್ತವೆ. ಮೂರನೆಯದು ಸಾರತೆಯ ಮೇಲಿನ ಮಿತಿ. ಯುರೋಪಿಯನ್ ಒಕ್ಕೂಟದ 2019ರ ನಿಯಮದ ಪ್ರಕಾರ ಶೇ. 12ಕ್ಕಿಂತ ಹೆಚ್ಚು ಸಾರತೆಯ ಹೈಡ್ರೋಜನ್ ಪೆರಾಕ್ಸೈಡ್, ಶೇ. 3ಕ್ಕಿಂತ ಹೆಚ್ಚು ಸಾರತೆಯ ನೈಟ್ರಿಕ್ ಆಮ್ಲ ಜನಸಾಮಾನ್ಯರ ಕೈಗೆ ಸಿಗುವುದಿಲ್ಲ. ಇಂಥ ಮಿತಿಗಳು ಊರಿಂದೂರಿಗೆ ಬೇರೆಯಾಗುತ್ತವೆ, ಆದರೆ ತರ್ಕ ಒಂದೇ: ತಿಳಿಯಾದ ದ್ರಾವಣ ಸಿಗುತ್ತದೆ, ಗಟ್ಟಿಯಾದದ್ದು ಸಿಗುವುದಿಲ್ಲ. ಶಾಲೆಗೆ ಬೇಕಾದದ್ದು ಬಹುಪಾಲು ತಿಳಿಯಾದದ್ದೇ ಆದ್ದರಿಂದ ನಮಗೆ ಇದರಿಂದ ನಷ್ಟವಿಲ್ಲ.

ನಾಲ್ಕನೆಯದು ಶಿಕ್ಷಣ ಇಲಾಖೆಯದೋ ಆಡಳಿತ ಮಂಡಳಿಯದೋ ಸುರಕ್ಷತಾ ನಿಯಮ. ಶಿಕ್ಷಕರು ಮಾಡಿ ತೋರಿಸಬಹುದು, ಮಕ್ಕಳು ಮುಟ್ಟುವಂತಿಲ್ಲ ಎನ್ನುವಂಥದ್ದು. ಕಾನೂನು ಸುಮ್ಮನಿದ್ದರೂ ಇದನ್ನು ಮೀರಬೇಡಿ. ಅವಘಡವಾದಾಗ ಮೊದಲು ತೆರೆಯುವುದು ಇದೇ ಕಡತ.

ಹೆಜ್ಜೆ 3: ಬಾಟಲಿಯನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸಿ

ಒಂದೇ ವಸ್ತುವಿಗೆ ನಾಲ್ಕಾರು ಹೆಸರು. ಮೈಲುತುತ್ತು, ತಾಮ್ರದ ಸಲ್ಫೇಟ್, ಕಾಪರ್ ಸಲ್ಫೇಟ್ ಎಲ್ಲವೂ ಒಂದೇ, ಆದರೆ ಪೂರ್ತಿ ಒಂದೇ ಅಲ್ಲ. ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳಿವೆ, ಅದರ ಮೋಲಾರ್ ರಾಶಿ (ಒಂದು ಮೋಲ್‌ನ ತೂಕ) 249.7 ಗ್ರಾಂ. ಒಣಗಿದ ಬಿಳಿ ಪುಡಿಯದು 159.6 ಗ್ರಾಂ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ತೂಗಿದರೆ ದ್ರಾವಣವೇ ತಪ್ಪು. ಇಂಥ ಗೊಂದಲ ತಪ್ಪಿಸಲೆಂದೇ ಪ್ರತಿ ರಾಸಾಯನಿಕಕ್ಕೂ ಸಿ.ಎ.ಎಸ್. ಸಂಖ್ಯೆ ಎಂಬ, ಎಲ್ಲೆಡೆ ಒಂದೇ ಆಗಿರುವ ಗುರುತಿನ ಸಂಖ್ಯೆ ಇದೆ. ನೀಲಿ ಹರಳಿನದು 7758-99-8, ಬಿಳಿ ಪುಡಿಯದು 7758-98-7. ಬೇಡಿಕೆ ಪತ್ರದಲ್ಲಿ ಹೆಸರಿನ ಪಕ್ಕ ಈ ಸಂಖ್ಯೆಯನ್ನೂ ಬರೆದರೆ ಬೇರೆ ವಸ್ತು ಬಂದು ಕೂರುವ ಪ್ರಮಾದ ಆಗುವುದಿಲ್ಲ.

ಜೊತೆಗೆ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರಲ್ಲಿ 16 ಭಾಗಗಳಿರುತ್ತವೆ. ಅಷ್ಟನ್ನೂ ಓದುವ ವ್ಯವಧಾನ ಇಲ್ಲದಿದ್ದರೆ 2 (ಅಪಾಯಗಳು), 7 (ನಿರ್ವಹಣೆ ಮತ್ತು ಶೇಖರಣೆ), 8 (ಮೈಗೆ ತಾಗದಂತೆ ರಕ್ಷಣೆ), 10 (ಯಾವುದರ ಜೊತೆ ಸೇರಬಾರದು), 13 (ವಿಲೇವಾರಿ) ಇಷ್ಟನ್ನಾದರೂ ತಪ್ಪದೆ ಓದಿ. ಹತ್ತನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಪಾಟಿನಲ್ಲಿ ಯಾವ ಬಾಟಲಿಯ ಪಕ್ಕ ಯಾವುದನ್ನು ಇಡಬಾರದು ಎಂದು ಹೇಳುವುದೇ ಅದು.

ಹೆಜ್ಜೆ 4: ತರಿಸುವುದಾದರೆ ಶಾಲೆಯ ಹೆಸರಿನಲ್ಲೇ ತರಿಸಿ

ನಿಗಾದಲ್ಲಿರುವ ರಾಸಾಯನಿಕವನ್ನು ನಿಮ್ಮ ಸ್ವಂತ ಹೆಸರಿನಲ್ಲಿ, ಮನೆಯ ವಿಳಾಸಕ್ಕೆ, ಪರಿಚಯದವರ ಮೂಲಕ ತರಿಸಲೇಬೇಡಿ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕಾಗದದ ಮೇಲೆ ಅದು ಕಾಣುವುದಿಲ್ಲ. ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು, ಯಾವ ತರಗತಿಯ ಯಾವ ಪ್ರಯೋಗಕ್ಕೆ ಎಂಬ ವಿವರ, ಬೇಕಾದ ಪ್ರಮಾಣ, ಬೀಗದ ಕಪಾಟಿನ ಹೊಣೆ ಯಾರದು ಎಂಬ ಹೆಸರು, ಇಷ್ಟಿದ್ದರೆ ಪರವಾನಗಿ ಇರುವ ಸರಬರಾಜುದಾರರು ಸಾಮಾನ್ಯವಾಗಿ ಬೇರೆ ಏನನ್ನೂ ಕೇಳುವುದಿಲ್ಲ. ಬಳಕೆಯ ಘೋಷಣಾ ಪತ್ರ ಕೇಳಿದರೆ ಬೇಸರಪಡದೆ ತುಂಬಿ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಸಾರೀಕೃತ ಆಮ್ಲ ತಂದು ತಾವೇ ತಿಳಿ ಮಾಡುವುದು ಅಗ್ಗವೆಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿದ್ಧವಾದ 1 ಮೋಲಾರ್ ಅಥವಾ 2 ಮೋಲಾರ್ (ಲೀಟರಿಗೆ ಒಂದೋ ಎರಡೋ ಮೋಲ್ ಇರುವ) ದ್ರಾವಣ ಸಿಗುವುದಾದರೆ ಅದನ್ನೇ ತರಿಸಿ. ಅನುಮತಿಯ ತಲೆನೋವು ಕಡಿಮೆ, ಸಾಗಣೆ ಹಗುರ, ಕಪಾಟಿನಲ್ಲಿ ಹೊಗೆಯಾಡುವ ಬಾಟಲಿ ಇರುವುದಿಲ್ಲ. ಪ್ರಮಾಣದಲ್ಲೂ ಅಷ್ಟೇ: ಒಂದು ವರ್ಷಕ್ಕೆ ಸಾಕಾಗುವಷ್ಟು ಮಾತ್ರ. ದೊಡ್ಡ ಪ್ಯಾಕ್ ಅಗ್ಗ ಎಂದು ತಂದದ್ದು ಹತ್ತು ವರ್ಷ ಕಪಾಟಿನಲ್ಲಿ ಕೊಳೆತು, ಕೊನೆಗೆ ವಿಲೇವಾರಿಗೆ ಅದರ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ.

ಹತ್ತಿರದ ಕಾಲೇಜಿನಿಂದ ಎರವಲು ತರುವ ರೂಢಿ ಹಲವು ಕಡೆ ಇದೆ. ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುವ ಬದಲು ಮಕ್ಕಳನ್ನೇ ಆ ಕಾಲೇಜಿನ ಲ್ಯಾಬಿಗೆ ಕರೆದೊಯ್ಯಿರಿ. ಅಲ್ಲಿ ಹೊಗೆ, ಆವಿಯನ್ನು ಹೊರಗೆಳೆಯುವ ಗೂಡು (ಫ್ಯೂಮ್ ಹುಡ್) ಇರುತ್ತದೆ, ಅನುಭವಿ ಸಹಾಯಕರಿರುತ್ತಾರೆ.

ಹೆಜ್ಜೆ 5: ಮನೆಬಳಕೆಯ ವಸ್ತುಗಳಿಗೆ ಒಂದು ಗೆರೆ ಎಳೆದುಕೊಳ್ಳಿ

ವಿನೆಗರ್, ಅಡುಗೆ ಸೋಡಾ, ಸಿಟ್ರಿಕ್ ಆಮ್ಲ, ಪಟಿಕ, ಎಪ್ಸಮ್ ಲವಣ, ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ಟಿಂಕ್ಚರ್ ಅಯೋಡಿನ್ ಒಳ್ಳೆಯ ಬದಲಿಗಳು. ಇವುಗಳಲ್ಲಿ ಏನಿದೆ ಎಂಬುದು ಲೇಬಲ್ಲಿನಲ್ಲೇ ಇರುತ್ತದೆ, ಇರುವುದೂ ಹೆಚ್ಚುಕಡಿಮೆ ಅದೊಂದೇ.

ಚರಂಡಿ ತೊಳೆಯುವ ದ್ರವ, ಶೌಚಾಲಯದ ಕ್ಲೀನರ್, ಬ್ಯಾಟರಿಯ ಆಮ್ಲ ಈ ಗೆರೆಯ ಆಚೆಗೆ. ಅವುಗಳ ಸಾರತೆ ಎಷ್ಟೋ ಸಲ ಗೊತ್ತಿರುವುದಿಲ್ಲ, ಕೆಲವದರಲ್ಲಿ ಬಣ್ಣ, ಸುಗಂಧ, ಬೇರೆ ರಾಸಾಯನಿಕಗಳೂ ಬೆರೆತಿರುತ್ತವೆ. ಬ್ಲೀಚ್ ಅನ್ನಂತೂ ಪ್ರಯೋಗದ ಮೇಜಿಗೇ ತರಬೇಡಿ. ಆಮ್ಲ ತಾಗಿದರೆ ಕ್ಲೋರಿನ್, ಅಮೋನಿಯ ತಾಗಿದರೆ ಕ್ಲೋರಮೈನ್, ಎರಡೂ ಶ್ವಾಸಕೋಶವನ್ನು ಸುಡುವಂಥವು. ಇನ್ನೊಂದು ಮಾತು: ತಿಳಿ ದ್ರಾವಣವನ್ನು ಕಾಯಿಸಿ ಗಟ್ಟಿ ಮಾಡಿಕೊಳ್ಳುವುದು, ಸಿಗದ ರಾಸಾಯನಿಕವನ್ನು ಬೇರೆ ಎರಡರಿಂದ ತಯಾರಿಸಿಕೊಳ್ಳುವುದು, ಇವೆರಡಕ್ಕೂ ಕೈ ಹಾಕಬೇಡಿ. ಸಿಗದಂತೆ ಮಾಡಿರುವುದಕ್ಕೆ ಕಾರಣವಿದೆ. ಆ ಕಾರಣ ಶಾಲೆಯ ಗೇಟಿನೊಳಗೆ ಬಂದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಇದಕ್ಕೊಂದು ನಿರಪಾಯಕಾರಿ ಅಪವಾದ ಇದೆ. ಅದನ್ನು ನಾನು ಪ್ರತಿ ವರ್ಷ ಮಾಡಿಸುತ್ತೇನೆ. ಟೈಟ್ರೇಷನ್ನಿಗೆ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಸೇರಿಸಿ ಸಾರತೆ ಅಳೆಯುವುದಕ್ಕೆ) ನಿಖರವಾದ ಸೋಡಿಯಂ ಕಾರ್ಬೊನೇಟ್ ಬೇಕು. ಅಂಗಡಿಯ ವಾಷಿಂಗ್ ಸೋಡಾ ಹರಳಿನಲ್ಲಿ ಹತ್ತು ನೀರಿನ ಅಣುಗಳಿರುತ್ತವೆ, ಗಾಳಿಗೆ ಇಟ್ಟಂತೆ ಅವು ಹಾರಿಹೋಗಿ ಹರಳು ಬಿಳಿ ಪುಡಿಯಾಗುತ್ತದೆ. ಹಾಗಾಗಿ ನಿನ್ನೆ ತೂಗಿದ ಒಂದು ಗ್ರಾಂ ಬೇರೆ, ಇವತ್ತಿನ ಒಂದು ಗ್ರಾಂ ಬೇರೆ. 250 ಮಿಲಿಲೀಟರ್ 0.1 ಮೋಲಾರ್ ದ್ರಾವಣಕ್ಕೆ ನೀರಿಲ್ಲದ ಪುಡಿ 2.65 ಗ್ರಾಂ ಸಾಕು, ಹೊಸ ಹರಳಾದರೆ 7.15 ಗ್ರಾಂ ಬೇಕು. ಅರ್ಧ ಒಣಗಿದ ಹರಳಿಗೆ ಯಾವ ಲೆಕ್ಕ? ಅದಕ್ಕೆ ಅಡುಗೆ ಸೋಡಾ ಹಿಡಿಯಿರಿ. ಪಿಂಗಾಣಿ ಬಟ್ಟಲಲ್ಲಿ 10 ಗ್ರಾಂ ತೂಗಿ ಚೆನ್ನಾಗಿ ಕಾಯಿಸಿ, ಆರಿಸಿ, ತೂಗಿ. ಮತ್ತೆ ಕಾಯಿಸಿ, ಆರಿಸಿ, ತೂಗಿ. ತೂಕ 6.3 ಗ್ರಾಂ ಹತ್ತಿರ ಬಂದು ನಿಂತರೆ ನೀರೂ ಕಾರ್ಬನ್ ಡೈಆಕ್ಸೈಡೂ ಪೂರ್ತಿ ಹೋಗಿ ಶುದ್ಧ ಸೋಡಿಯಂ ಕಾರ್ಬೊನೇಟ್ ಉಳಿದಿದೆ ಎಂದರ್ಥ. ತಕ್ಕಡಿಯ ಅಂಕಿ ಸಮೀಕರಣದ ಲೆಕ್ಕಕ್ಕೆ ಸರಿಹೊಂದಿದಾಗ ಮಕ್ಕಳ ಮುಖ ನೋಡಬೇಕು. ಅಲ್ಲಿಯವರೆಗೆ ಸಮೀಕರಣ ಎಂದರೆ ಅವರಿಗೆ ಬರೀ ಬೋರ್ಡಿನ ಮೇಲಿನ ಅಕ್ಷರ.

ಹೆಜ್ಜೆ 6: ಪಾಠಕ್ಕೆ ತಕ್ಕ ಬದಲಿ ಆರಿಸಿ

ಇಲ್ಲಿ ನಾನು ಮಾಡಿ ನೋಡಿದವುಗಳನ್ನೇ ಹೇಳುತ್ತೇನೆ. ಪ್ರತಿಯೊಂದಕ್ಕೂ ಅದರ ಮಿತಿ ಇದೆ.

ಆಮ್ಲಜನಕ ತಯಾರಿಕೆ. ಪಾದರಸದ ಆಕ್ಸೈಡ್, ಪೊಟ್ಯಾಸಿಯಂ ಕ್ಲೋರೇಟ್ ಎರಡನ್ನೂ ಮರೆತುಬಿಡಿ. ಶೇ. 3ರ ಪೆರಾಕ್ಸೈಡಿಗೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಅಥವಾ ಬೆಚ್ಚನೆಯ ನೀರಿನಲ್ಲಿ ನೆನೆಸಿದ ಯೀಸ್ಟ್ ಹಾಕಿದರೆ, ಆರುತ್ತಿರುವ ಊದುಕಡ್ಡಿ ಮತ್ತೆ ಉರಿಯುವಷ್ಟು ಆಮ್ಲಜನಕ ಬರುತ್ತದೆ. ನೊರೆ ಚಿಮ್ಮುವ ಪ್ರಯೋಗಕ್ಕೂ ಇದೇ ಸಾಕು. ನೊರೆ ಚಾವಣಿಗೆ ಏರುವುದಿಲ್ಲ, ಬಾಟಲಿಯ ಬಾಯಿಂದ ನಿಧಾನವಾಗಿ ಉಕ್ಕುತ್ತದೆ. ಆದರೆ ಮಕ್ಕಳು ಹತ್ತಿರ ನಿಂತು ಬಾಟಲಿ ಬೆಚ್ಚಗಾಗುವುದನ್ನು ಮುಟ್ಟಿ ನೋಡಬಹುದು. ಗಟ್ಟಿ ಪೆರಾಕ್ಸೈಡಿನಲ್ಲಿ ಆ ಭಾಗ್ಯ ಇಲ್ಲ.

ಶಾಖ ಹೀರುವ ಕ್ರಿಯೆ. ಅಮೋನಿಯಂ ನೈಟ್ರೇಟ್ ಬೇಕಾಗಿಲ್ಲ. 50 ಮಿಲಿಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದರೆ ಉಷ್ಣತೆ ಸುಮಾರು ಎಂಟು-ಒಂಬತ್ತು ಡಿಗ್ರಿ ಇಳಿಯುತ್ತದೆ. ರಾಸಾಯನಿಕ ಕ್ರಿಯೆಯೇ ಬೇಕೆಂದರೆ ಸಿಟ್ರಿಕ್ ಆಮ್ಲದ ದ್ರಾವಣಕ್ಕೆ ಅಡುಗೆ ಸೋಡಾ ಹಾಕಿ. ಗುಳ್ಳೆಯೂ ಏಳುತ್ತದೆ, ತಣ್ಣಗೂ ಆಗುತ್ತದೆ.

ತಂಪಾಗುವಿಕೆಯ ರೇಖೆ. ನ್ಯಾಫ್ತಲೀನ್ ಕಾದರೆ ಕೋಣೆ ತುಂಬ ಆವಿ. ಬದಲಿಗೆ ಸ್ಟಿಯರಿಕ್ ಆಮ್ಲ ಬಳಸುವುದು ರೂಢಿ. ಆದರೆ ಮಾರುಕಟ್ಟೆಯ ಸ್ಟಿಯರಿಕ್ ಆಮ್ಲ ಹಲವು ಕೊಬ್ಬಿನಾಮ್ಲಗಳ ಮಿಶ್ರಣವಾದ್ದರಿಂದ ರೇಖೆ ಸಮತಟ್ಟಾಗದೆ ಇಳಿಜಾರಾಗಿಯೇ ಸಾಗುತ್ತದೆ, ಕರಗುವ ಬಿಂದು ಎಲ್ಲಿ ಎಂದು ಮಕ್ಕಳು ತಡಕಾಡುತ್ತಾರೆ. ಲಾರಿಕ್ ಆಮ್ಲ ಸಿಕ್ಕರೆ ಅದನ್ನೇ ಹಿಡಿಯಿರಿ. ಅದು ಸುಮಾರು 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಬಿಸಿನೀರಿನ ಪಾತ್ರೆಯಲ್ಲೇ ಕರಗುತ್ತದೆ, ಬೆಂಕಿ ಬೇಡ, ರೇಖೆಯ ಸಮತಟ್ಟು ಚೆನ್ನಾಗಿ ಬರುತ್ತದೆ.

ನೀರಿನ ಪತ್ತೆ. ಕೋಬಾಲ್ಟ್ ಕ್ಲೋರೈಡ್ ಕಾಗದದ ಬದಲು ಒಣ ಬಿಳಿ ತಾಮ್ರದ ಸಲ್ಫೇಟ್. ಒಂದು ಹನಿ ನೀರು ತಾಗಿದರೆ ನೀಲಿ. ರಾಸಾಯನಿಕ ಸಮತೋಲನದ (ಹಿಂದಕ್ಕೂ ಮುಂದಕ್ಕೂ ನಡೆಯುವ ಕ್ರಿಯೆಯ) ಪಾಠಕ್ಕೂ ಕೋಬಾಲ್ಟನ್ನು ಬಿಡಬಹುದು. ನೀಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಅಡುಗೆ ಉಪ್ಪು ಹಾಕುತ್ತ ಹೋಗಿ. ಬಣ್ಣ ಹಸಿರಿಗೆ ತಿರುಗುತ್ತದೆ. ಮೂರು ಪ್ರನಾಳಗಳಿಗೆ ಹಂಚಿ. ಒಂದಕ್ಕೆ ನೀರು ಸೇರಿಸಿದರೆ ನೀಲಿಯತ್ತ ಮರಳುತ್ತದೆ. ಇನ್ನೊಂದನ್ನು ಬಿಸಿನೀರಿನಲ್ಲೂ ಮೂರನೆಯದನ್ನು ಮಂಜುಗಡ್ಡೆಯಲ್ಲೂ ಇಟ್ಟು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕೋಬಾಲ್ಟಿನ ಗುಲಾಬಿ-ನೀಲಿಯಷ್ಟು ಎದ್ದು ಕಾಣುವುದಿಲ್ಲ, ಹಿಂದೆ ಬಿಳಿ ಕಾಗದ ಹಿಡಿಯಬೇಕು.

ನೀರಿನ ವಿದ್ಯುದ್ವಿಭಜನೆ. ಸಲ್ಫ್ಯೂರಿಕ್ ಆಮ್ಲ ಇಲ್ಲವೆಂದು ಅಡುಗೆ ಉಪ್ಪು ಹಾಕುವವರೇ ಹೆಚ್ಚು. ಅದು ತಪ್ಪು. ಧನಾಗ್ರದಲ್ಲಿ ಆಮ್ಲಜನಕದ ಬದಲು ಕ್ಲೋರಿನ್ ಬರುತ್ತದೆ, ಪಾಠವೂ ಕೆಡುತ್ತದೆ, ಗಂಟಲೂ ಉರಿಯುತ್ತದೆ. ಸೋಡಿಯಂ ಸಲ್ಫೇಟ್ ಬಳಸಿ. ಅದಕ್ಕೆ ಕೆಲವು ಹನಿ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ ಸೇರಿಸಿ ದ್ರಾವಣವನ್ನು ಹಸಿರಾಗಿಸಿಕೊಳ್ಳಿ. ಪೆನ್ಸಿಲಿನ ಎರಡು ಕಡ್ಡಿ, ಒಂದು 9 ವೋಲ್ಟ್ ಬ್ಯಾಟರಿ ಸಾಕು. ಧನಾಗ್ರದ ಸುತ್ತ ಹಳದಿ, ಋಣಾಗ್ರದ ಸುತ್ತ ನೀಲಿ ಹೊಗೆಯಂತೆ ಹರಡುತ್ತದೆ. ಬ್ಯಾಟರಿ ತೆಗೆದು ಕಲಕಿದರೆ ಎರಡೂ ಸೇರಿ ಮತ್ತೆ ಹಸಿರು. ಒಂದು ಕಡೆ ಹುಟ್ಟಿದ ಆಮ್ಲವೂ ಇನ್ನೊಂದು ಕಡೆ ಹುಟ್ಟಿದ ಪ್ರತ್ಯಾಮ್ಲವೂ ಸರಿಸಮ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ. ಇಲ್ಲಿ ಬದಲಿಯೇ ಮೂಲಕ್ಕಿಂತ ಒಳ್ಳೆಯದು.

ಚಿನ್ನದ ಮಳೆ. ಸೀಸದ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ, ಬಿಸಿಯಲ್ಲಿ ಕರಗಿಸಿ, ತಣಿಸಿದರೆ ಹೊಳೆಯುವ ಹಳದಿ ಹರಳುಗಳು ಇಳಿಯುವ ಪ್ರಯೋಗ. ಅದನ್ನು ಬಿಟ್ಟುಕೊಡಲು ನನಗೆ ಬಹಳ ಸಂಕಟವಾಗಿತ್ತು. ಆದರೆ ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಗೊತ್ತಿದ್ದೂ ಅದನ್ನು ಅವರ ಕೈಗೆ ಕೊಡಲಾಗದು. ಬದಲಿಗೆ ಬೆಂಜೋಯಿಕ್ ಆಮ್ಲ ಹಿಡಿದೆ. ಇದು 100 ಮಿಲಿಲೀಟರ್ ನೀರಿನಲ್ಲಿ 25 ಡಿಗ್ರಿಯಲ್ಲಿ 0.34 ಗ್ರಾಂ ಮಾತ್ರ ಕರಗುತ್ತದೆ, ಕುದಿನೀರಿನಲ್ಲಿ 5.6 ಗ್ರಾಂ ಕರಗುತ್ತದೆ. 1 ಗ್ರಾಂ ತೂಗಿ 100 ಮಿಲಿಲೀಟರ್ ನೀರಿಗೆ ಹಾಕಿ, 80 ಡಿಗ್ರಿ ದಾಟದಂತೆ ನೋಡಿಕೊಂಡು ತಿಳಿಯಾಗುವವರೆಗೆ ಕಲಕಿ, ಗಾಜಿನ ತಟ್ಟೆ ಮುಚ್ಚಿ ಅಲುಗಿಸದೆ ಬಿಡಿ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಗರಿಯಂಥ ಒಂದು ಹರಳು, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ಬೀಕರಿನ ತುಂಬ ಹಿಮ ತೇಲುತ್ತ ಇಳಿಯುತ್ತದೆ. ಲೆಕ್ಕದ ಪ್ರಕಾರ 0.66 ಗ್ರಾಂ ಹೊರಬರಬೇಕು. ಸೋಸಿ ಒಣಗಿಸಿ ತೂಗಿದರೆ ವಿಲೀನತೆಯ ಪಾಠಕ್ಕೆ ಅಂಕಿಯೂ ಸಿಕ್ಕಿತು. ಪುಡಿ ಕಣ್ಣಿಗೆ ಬಹಳ ಕೆಟ್ಟದ್ದು, ಆವಿ ಕೆಮ್ಮು ತರಿಸುತ್ತದೆ. ರಕ್ಷಣಾ ಕನ್ನಡಕ, ತೆರೆದ ಕಿಟಕಿ ಎರಡೂ ಬೇಕು. ಇದು ಮರುಹರಳೀಕರಣಕ್ಕೆ ಮಾತ್ರ ಬದಲಿ ಎಂಬುದು ನೆನಪಿರಲಿ. ದ್ವಿಸ್ಥಾನಪಲ್ಲಟ ಕ್ರಿಯೆಗೆ ತಾಮ್ರದ ಸಲ್ಫೇಟ್ ಮತ್ತು ಸೋಡಿಯಂ ಕಾರ್ಬೊನೇಟ್ ಸೇರಿಸಿ ನೀಲಿ-ಹಸಿರು ಪ್ರಕ್ಷೇಪ ತೋರಿಸಿ. ಚಿನ್ನದ ಮಳೆ ಎರಡು ಪಾಠಗಳನ್ನು ಒಂದೇ ಬೀಕರಿನಲ್ಲಿ ಕಟ್ಟಿಕೊಡುತ್ತಿತ್ತು, ನಾವು ಎರಡು ಬೀಕರ್ ಹಿಡಿಯಬೇಕು.

ಸೋಡಿಯಂ ಲೋಹ. ಇದರ ಬದಲು ಅಕ್ಕಿಕಾಳಿನಷ್ಟು ಕ್ಯಾಲ್ಸಿಯಂ ಲೋಹ ನೀರಿಗೆ ಹಾಕಿದರೆ ಮುಳುಗಿ, ಗುಳ್ಳೆ ಕಟ್ಟಿಕೊಂಡು ಮೇಲೇಳುತ್ತದೆ. ನೀರು ಬೆಳ್ಳಗಾಗುತ್ತದೆ, ಸೂಚಕ ಪ್ರತ್ಯಾಮ್ಲ ಎನ್ನುತ್ತದೆ. ಲೋಹ, ನೀರು, ಹೈಡ್ರೋಜನ್, ಹೈಡ್ರಾಕ್ಸೈಡ್ ನಾಲ್ಕೂ ಸಿಕ್ಕವು. ಒಂದನೇ ಗುಂಪಿನ ಲೋಹಗಳು ಕೆಳಗಿಳಿದಂತೆ ಹೇಗೆ ಹೆಚ್ಚು ಚುರುಕಾಗುತ್ತವೆ ಎಂಬುದನ್ನು ಮಾತ್ರ ಇದು ತೋರಿಸದು. ಅದಕ್ಕೆ ವಿಡಿಯೊ ಹಾಕಿ.

ಜ್ವಾಲೆಯ ಬಣ್ಣ. ಬಟ್ಟಲಿನಲ್ಲಿ ಮೆಥನಾಲ್ ಸುರಿದು ಲವಣ ಹಾಕಿ ಹಚ್ಚುವ ಪದ್ಧತಿಯನ್ನು ಯಾವ ಕಾರಣಕ್ಕೂ ಮಾಡಬೇಡಿ. ಅದರ ಜ್ವಾಲೆ ಬೆಳಕಿನಲ್ಲಿ ಕಾಣಿಸುವುದೇ ಕಷ್ಟ. ಆರಿತೆಂದುಕೊಂಡು ಮತ್ತೆ ಸುರಿದವರ ಕೈಯ ಬಾಟಲಿಗೇ ಬೆಂಕಿ ನುಗ್ಗಿ ಮಕ್ಕಳು ಸುಟ್ಟುಕೊಂಡ ಘಟನೆಗಳು ಒಂದಲ್ಲ, ಹಲವು. ಮರದ ಕಡ್ಡಿಗಳನ್ನು ಹಿಂದಿನ ರಾತ್ರಿ ಲವಣದ ದ್ರಾವಣಗಳಲ್ಲಿ ನೆನೆಸಿಡಿ, ಬೆಳಿಗ್ಗೆ ಒಂದೊಂದಾಗಿ ಬರ್ನರಿನ ಜ್ವಾಲೆಗೆ ಹಿಡಿಯಿರಿ. ಸೋಡಿಯಂ ಹಳದಿ, ತಾಮ್ರ ಹಸಿರು, ಸ್ಟ್ರಾನ್ಷಿಯಂ ಕಡುಗೆಂಪು, ಪೊಟ್ಯಾಸಿಯಂ ತಿಳಿ ನೇರಳೆ.

ಅನಿಲದ ವಿಸರಣೆ. ಸಾರೀಕೃತ ಅಮೋನಿಯ, ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದ ಉದ್ದ ಕೊಳವೆ ಬೇಡ. ಪೆಟ್ರಿ ತಟ್ಟೆಯ ನಡುವೆ ಸಾರರಿಕ್ತ ಅಮೋನಿಯದ ಒಂದು ಹನಿ, ಸುತ್ತ ಬೇರೆ ಬೇರೆ ದೂರದಲ್ಲಿ ಒದ್ದೆ ಕೆಂಪು ಲಿಟ್ಮಸಿನ ತುಣುಕುಗಳು. ಮುಚ್ಚಳ ಹಾಕಿದರೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ನೀಲಿಯಾಗುತ್ತದೆ. ಎರಡು ಅನಿಲಗಳ ವೇಗ ಹೋಲಿಸಲು ಇದು ಬರುವುದಿಲ್ಲ.

ಟೈಟ್ರೇಷನ್. ಇಲ್ಲಿ ಬದಲಿ ಮಾಡುವವರು ಹೆಚ್ಚು ಎಡವುತ್ತಾರೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ವಿನೆಗರ್, ಸೋಡಿಯಂ ಹೈಡ್ರಾಕ್ಸೈಡಿಗೆ ಸೋಡಿಯಂ ಕಾರ್ಬೊನೇಟ್, ಹೀಗೆ ಎರಡೂ ಕಡೆ ದುರ್ಬಲವಾದದ್ದನ್ನು ಇಟ್ಟರೆ ಬಣ್ಣ ಹನಿಹನಿಗೂ ನಿಧಾನವಾಗಿ ಬದಲಾಗುತ್ತ ಹೋಗುತ್ತದೆ, ಅಂತ್ಯಬಿಂದು ಯಾವುದೆಂದು ಯಾರೂ ಹೇಳಲಾರರು. ಎರಡರಲ್ಲಿ ಒಂದಾದರೂ ಪ್ರಬಲವಾಗಿರಲಿ. ಕಾರ್ಬೊನೇಟ್ ಜೊತೆ ಹೈಡ್ರೋಕ್ಲೋರಿಕ್ ಆಮ್ಲವಾದರೆ ಸೂಚಕ ಮೀಥೈಲ್ ಆರೆಂಜ್. ವಿನೆಗರ್ ಜೊತೆ ಸೋಡಿಯಂ ಹೈಡ್ರಾಕ್ಸೈಡ್ ಆದರೆ ಫಿನಾಲ್ಫ್ತಲೀನ್, ಅದು ಬೇಡವೆಂದರೆ ಥೈಮಾಲ್ಫ್ತಲೀನ್. ಇದು ಸ್ವಲ್ಪ ಹೆಚ್ಚಿನ ಪಿಎಚ್‌ನಲ್ಲಿ ನೀಲಿಯಾಗುವುದರಿಂದ ಒಂದು ಹನಿಯಷ್ಟು ಹೆಚ್ಚು ತೆಗೆದುಕೊಳ್ಳುತ್ತದೆ, ಶಾಲೆಯ ನಿಖರತೆಗೆ ಅದು ಅಡ್ಡಿಯಲ್ಲ. ಶೇ. 5ರ ವಿನೆಗರ್ ಸುಮಾರು 0.8 ಮೋಲಾರ್ ಇರುತ್ತದೆ. 0.1 ಮೋಲಾರ್ ಪ್ರತ್ಯಾಮ್ಲದ ಎದುರು ಇಡುವಾಗ ಹತ್ತರಷ್ಟು ತಿಳಿ ಮಾಡಿಕೊಳ್ಳಿ.

ಜೀವಶಾಸ್ತ್ರದ ಕಡೆಗೆ ಮೂರು ಮಾತು ಸಾಕು. ಫೆಹ್ಲಿಂಗ್ ದ್ರಾವಣದಲ್ಲಿ ಗಟ್ಟಿ ಕ್ಷಾರವಿದೆ, ಬೆನೆಡಿಕ್ಟ್ ದ್ರಾವಣದಲ್ಲಿ ಸೋಡಿಯಂ ಕಾರ್ಬೊನೇಟ್ ಇದೆ, ಎರಡನೆಯದನ್ನು ಬಳಸಿ. ಮಿಲ್ಲನ್ ಕಾರಕದಲ್ಲಿ ಪಾದರಸವಿದೆ, ಪ್ರೋಟೀನಿಗೆ ಬೈಯುರೆಟ್ ಪರೀಕ್ಷೆ ಸಾಕು. ಎಲೆಯನ್ನು ಸ್ಪಿರಿಟ್‌ನಲ್ಲಿ ಕುದಿಸುವಾಗ ಬೆಂಕಿ ಇರಲೇಬಾರದು, ಬೇರೆಡೆ ಕಾಯಿಸಿ ತಂದ ಬಿಸಿನೀರಿನಲ್ಲಿ ಪ್ರನಾಳ ಇಡಿ.

ಹೆಜ್ಜೆ 7: ಪ್ರಮಾಣವನ್ನೇ ಬದಲಿಸಿ ನೋಡಿ

ಕೆಲವೊಮ್ಮೆ ರಾಸಾಯನಿಕಕ್ಕೆ ಬದಲಿ ಇಲ್ಲ, ಪ್ರಮಾಣಕ್ಕೆ ಇದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ಚೌಕಗಳನ್ನು ಬರೆದ ಕಾಗದ ಇಟ್ಟು, ಒಂದೊಂದು ಚೌಕದಲ್ಲೂ ಎರಡೆರಡು ಹನಿ ಸೇರಿಸಿದರೆ ಹತ್ತು ಪ್ರಕ್ಷೇಪ ಕ್ರಿಯೆಗಳು ಒಂದು ಅಂಗೈ ಅಗಲದಲ್ಲಿ ಮುಗಿಯುತ್ತವೆ. 100 ಮಿಲಿಲೀಟರ್ ಖರ್ಚಾಗುತ್ತಿದ್ದ ಕಡೆ 2 ಮಿಲಿಲೀಟರ್ ಸಾಕು. ಒರೆಸಿದ ಕಾಗದವೊಂದೇ ಕಸ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು, ಪ್ರತಿ ಮಗುವಿನ ಮುಂದೆಯೂ ಅದರದೇ ಪ್ರಯೋಗ ಇರುತ್ತದೆ. ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಬೇಕಾಗಿಲ್ಲ.

ಹೆಜ್ಜೆ 8: ತರಗತಿಗೆ ಮುಂಚೆ ನೀವೇ ಮಾಡಿ ನೋಡಿ

ಅದೇ ಬಾಟಲಿ, ಅದೇ ಪ್ರಮಾಣ, ಅದೇ ಗಡಿಯಾರ ಇಟ್ಟುಕೊಂಡು ಮಾಡಿ. ಎಷ್ಟು ಹೊತ್ತು ಹಿಡಿಯಿತು, ಬಣ್ಣ ಹಿಂದಿನ ಬೆಂಚಿಗೆ ಕಂಡೀತೇ, ಕ್ರಿಯೆ ನಡುವೆ ನಿಂತಿತೇ ಎಂದು ಗುರುತು ಹಾಕಿಕೊಳ್ಳಿ. ಅಮೃತಶಿಲೆಯ ಆ ಪಾಠವನ್ನು ಹಿಂದಿನ ಸಂಜೆ ಒಮ್ಮೆ ಮಾಡಿ ನೋಡಿದ್ದರೆ ಬಿಳಿ ಪದರ ನನಗೇ ಮೊದಲು ಕಾಣುತ್ತಿತ್ತು, ವಿನೆಗರ್ ಹಿಡಿಯುತ್ತಿದ್ದೆ. ಅದು ನಿಧಾನ, ಆದರೆ ಕ್ಯಾಲ್ಸಿಯಂ ಅಸಿಟೇಟ್ ನೀರಿನಲ್ಲಿ ಕರಗುವುದರಿಂದ ಕಲ್ಲಿಗೆ ಗೋಡೆ ಕಟ್ಟುವುದಿಲ್ಲ.

ಬದಲಿ ಬಳಸಿದ್ದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಪುಸ್ತಕದಲ್ಲಿ ಸೀಸ ಇದೆ, ನಾವು ಇದನ್ನು ಹಿಡಿದಿದ್ದೇವೆ, ಕಾರಣ ಇದು, ಇದರಿಂದ ಕಾಣಿಸದೇ ಹೋಗುವುದು ಇಷ್ಟು ಎಂದು ಬೋರ್ಡಿನ ಮೇಲೆ ಬರೆಯಿರಿ. ಇದಕ್ಕೆ ಬೇರೆ ಬದಲಿ ಏನಿರಬಹುದು ಎಂದು ಕೇಳಿದರೆ ಅವರಿಂದ ಬರುವ ಉತ್ತರಗಳನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 9: ಕಪಾಟಿನ ಹಳೆಯ ಬಾಟಲಿಗಳು ಮತ್ತು ಉಳಿದ ದ್ರಾವಣ

ಹೊಸದು ತರುವ ಮುನ್ನ ಕಪಾಟು ಖಾಲಿ ಮಾಡಿ ಲೆಕ್ಕ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಎಚ್ಚರ. ಮುಚ್ಚಳದ ಸುತ್ತ ಹರಳು ಕಟ್ಟಿದ ಹಳೆಯ ಈಥರ್, ಒಣಗಿದ ಪಿಕ್ರಿಕ್ ಆಮ್ಲ ಕಂಡರೆ ತೆರೆಯಬೇಡಿ, ಕದಲಿಸಲೂ ಬೇಡಿ. ಕೋಣೆಗೆ ಬೀಗ ಹಾಕಿ, ಮುಖ್ಯೋಪಾಧ್ಯಾಯರ ಮೂಲಕ ಅಗ್ನಿಶಾಮಕ ದಳಕ್ಕೆ ತಿಳಿಸಿ. ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿ ಗುರುತಿಸುವ ಸಾಹಸವೂ ಬೇಡ. ಒಡೆದ ಪಾದರಸದ ಉಷ್ಣಮಾಪಕವನ್ನು ಪೊರಕೆಯಿಂದ ಗುಡಿಸಿದರೆ ಹನಿಗಳು ಇನ್ನಷ್ಟು ಚಿಕ್ಕದಾಗಿ ಹರಡುತ್ತವೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಗಟ್ಟಿ ಕಾಗದದ ಅಂಚಿನಿಂದ ಹನಿಗಳನ್ನು ಕೂಡಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ವಿಲೇವಾರಿ ಮಾಡುವವರಿಗೆ ಒಪ್ಪಿಸಿ. ಮುಂದೆ ಆಲ್ಕೋಹಾಲ್ ಅಥವಾ ಡಿಜಿಟಲ್ ಉಷ್ಣಮಾಪಕ ತನ್ನಿ.

ತಾಮ್ರದ ದ್ರಾವಣ ಸಿಂಕಿಗೆ ಹೋಗಬಾರದು, ನೀರಿನ ಜೀವಿಗಳಿಗೆ ಅದು ವಿಷ. ಎಲ್ಲ ತರಗತಿಗಳದ್ದನ್ನೂ ಒಂದು ಡಬ್ಬಿಯಲ್ಲಿ ಕೂಡಿಡಿ. ವರ್ಷದ ಕೊನೆಗೆ ಅದಕ್ಕೆ ಕಬ್ಬಿಣದ ಉಣ್ಣೆ ಹಾಕಿದರೆ ತಾಮ್ರ ಕೆಂಪಗೆ ಕೂರುತ್ತದೆ, ನೀಲಿ ಬಣ್ಣ ಹೋಗುತ್ತದೆ. ಕಸ ನಿಭಾಯಿಸುವ ಕೆಲಸವೇ ಸ್ಥಾನಪಲ್ಲಟ ಕ್ರಿಯೆಯ ಪಾಠವಾಯಿತು.

ಹೆಜ್ಜೆ 10: ಮುಂದಿನವರಿಗೆ ಬರೆದಿಡಿ

ದಾಸ್ತಾನು ಪುಸ್ತಕದಲ್ಲಿ ಬಂದ ದಿನಾಂಕ, ಪ್ರಮಾಣ, ಬಳಸಿದ್ದು, ಉಳಿದದ್ದು, ಸಹಿ ಇರಲೇಬೇಕು. ನಿಗಾದಲ್ಲಿರುವ ರಾಸಾಯನಿಕಕ್ಕೆ ಪ್ರತ್ಯೇಕ ಪುಟ. ಇದರ ಜೊತೆ ಬದಲಿಗಳಿಗೆಂದೇ ಇನ್ನೊಂದು ನೋಟ್‌ಬುಕ್ ಇಡಿ. ನನ್ನದರಲ್ಲಿ ಒಂದು ಪುಟ ಹೀಗಿದೆ:

‘ಪಾಠ: ಕ್ರಿಯೆಯ ವೇಗ. ಪುಸ್ತಕದಲ್ಲಿ: ಅಮೃತಶಿಲೆ, ಹೈಡ್ರೋಕ್ಲೋರಿಕ್ ಆಮ್ಲ. ಬದಲಿ: ವಿನೆಗರ್. ನಿಧಾನ, ಆದ್ದರಿಂದ ಕಲ್ಲನ್ನು ಸಣ್ಣಗೆ ಕುಟ್ಟಿಕೊಳ್ಳಬೇಕು, ಅರ್ಧ ನಿಮಿಷದ ಬದಲು ಎರಡು ನಿಮಿಷಕ್ಕೊಮ್ಮೆ ಅಳೆಯಬೇಕು. ಸಲ್ಫ್ಯೂರಿಕ್ ಆಮ್ಲ ಬೇಡ, ಪದರ ಕಟ್ಟುತ್ತದೆ. ಸಮಯ ಉಳಿದರೆ ಬೇಕೆಂದೇ ಒಂದು ಪ್ರನಾಳಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿ, ಯಾಕೆ ನಿಂತಿತು ಎಂದು ಮಕ್ಕಳನ್ನೇ ಕೇಳುವುದು. ಲಿಟ್ಮಸ್ ಮೇಜಿನ ಮೇಲೆ ಇಟ್ಟಿರಬೇಕು.’